ದೇವರ ಕೋಣೆಗೆ ಬಾರದ ನೀರು

“ಬೀಗದ್ ಕೀ ಕೊಡಿ ಅಂದೆ!”

ಕಾರ್ಮಿನ್ ಬಾಯಮ್ಮನ ಬಾವಿಗೆ ಮುಚ್ಚಿದ್ದ ಕಬ್ಬಿಣದ ಜಾಲರಿಯನ್ನು ಪಕ್ಕದ ಮನೆಯ ಜಲಜ ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲ್ಲಾಡಿಸಿದಳು. ಒಳಗೆ ಚಾವಡಿಯಲ್ಲಿ ಬಾಯಮ್ಮ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ನಾಲ್ಕು ಗಂಟೆಗೆ ಇಗರ್ಜಿಗೆ ಒಯ್ಯುವುದೆಂದು ನಿಶ್ಚಯವಾಗಿತ್ತು.

ಬಾಯಮ್ಮನ ತಂಗಿಯ ಮಗ ಐವನ್ ಬೆಳಿಗ್ಗೆಯಷ್ಟೇ ಮುಂಬೈಯಿಂದ ಬಂದಿಳಿದವನು. “ಬಾವಿ ನೀರು ಟೆಸ್ಟ್ ಆಗಿಲ್ಲ ಆಂಟಿ. ಇಷ್ಟು ಜನ ಬಂದಿದ್ದಾರೆ, ಯಾರದಾದರೂ ಹೊಟ್ಟೆ ಕೆಟ್ಟರೆ? ಅದಕ್ಕೇ ಬಾಟಲಿ ತರಿಸಿದ್ದೇನಲ್ಲ.”

“ಜನಕ್ಕ್ ಕುಡುಕೆ ತರ್ಸಿ, ಬೇಡ ಅಂದವ್ರ್ ಯಾರ್? ತಲೆ ಹತ್ರ ಇಟ್ಟ್ ಬಟ್ಲಿಗೂ ಅದನ್ನೇ ಹೊಯ್ದಿರಲೆ! ನಾಚ್ಕಿ ಆತಿಲ್ಯಾ?”

ಜಗಳವೆಲ್ಲ ಅದಕ್ಕೇ. ಪೆಟ್ಟಿಗೆಯ ಪಕ್ಕ ಒಂದು ಬಟ್ಟಲಿನಲ್ಲಿ ಪವಿತ್ರ ನೀರು ಇಡುವುದು, ಬಂದವರೆಲ್ಲ ಅದನ್ನು ಹೂವಿನಿಂದ ತೀರಿಹೋದವರ ಮೇಲೆ ಚಿಮುಕಿಸುವುದು ಬಾಯಮ್ಮನ ಜನರ ಕ್ರಮ. ಪಾದ್ರಿಗಳು ಬಂದು ಆಶೀರ್ವದಿಸಲೆಂದು ಐವನ್ ಬಟ್ಟಲಿಗೆ ಬಾಟಲಿಯ ನೀರು ಸುರಿದಿಟ್ಟಿದ್ದ. ಕಂಡದ್ದೇ ಜಲಜಳ ಪಿತ್ತ ನೆತ್ತಿಗೇರಿತ್ತು. ಕಡಲಿಗೆ ಇಷ್ಟು ಹತ್ತಿರವಿದ್ದೂ ಕಡುಬೇಸಗೆಯಲ್ಲಿ ಸಿಹಿನೀರು ಕೊಡುವ ಬಾವಿ ಇದು. ಅದರ ಒಡತಿಗೆ ಕೊನೆಗೆ ಪ್ಲಾಸ್ಟಿಕ್ ಬಾಟಲಿಯ ನೀರೇ? ಸತ್ತವಳು ಕೇಳುವುದಿಲ್ಲ ಅಂತ ಏನು ಬೇಕಾದರೂ ಮಾಡಬಹುದೇ?

*

ಮದುವೆಯಾಗಿ ನಾವುಂದಕ್ಕೆ ಬಂದ ವರ್ಷವೇ ಜಲಜಳ ಮನೆಯ ಬಾವಿ ಉಪ್ಪಾಯಿತು. ಕೊಡ ಹಿಡಿದು ಬೇಲಿ ದಾಟಿ ಬಂದರೆ ಬಾಯಮ್ಮ ನೀರು ಸೇದುತ್ತಿದ್ದಳು. ಕೊಡ ಮೇಲೆ ಬಂದೊಡನೆ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿ “ದೇವ್ ಬರೆಂ ಕರುಂ” ಎಂದಳು. ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿ ಉಪಕಾರ ನೆನೆಯುವ ಮಾತು ಅದು. ಎರಡನೆಯ ಕೊಡಕ್ಕೂ ಅಂದಳು, ಮೂರನೆಯದಕ್ಕೂ ಅಂದಳು.

“ಕೊಡಕ್ಕೊಂದ್ ಸಲ ಹೇಳ್ಕಾ ಬಾಯಮ್ಮ?”

“ಕೊಡಕ್ಕೊಂದ್ ಸಲ ಅವ ಕೊಡ್ತಿಲ್ಯಾ ಹೆಣೆ? ಬಾವಿ ತೋಡ್ಸದ್ದ್ ನಾನೇ, ಸಮ. ಒರ್ತಿ ಇಟ್ಟದ್ದ್ ನಾನಾ?”

ತುಂಬಿದ ಕೊಡವನ್ನು ಬಾಯಮ್ಮ ತಾನೇ ಜಲಜಳ ಸೊಂಟಕ್ಕೆ ಏರಿಸಿದಳು. ಮೂವತ್ತು ಬೇಸಗೆ ಹಾಗೆಯೇ ನಡೆಯಿತು.

*

“ಕೇಣಿ ಇಲ್ಲಿ,” ಜಲಜ ಗದರಿದಳು. “ಒಂದೊಂದ್ ಕೊಡಕ್ಕೂ ದೇವ್ರನ್ನ ನೆನ್ಸ್ಕಂಡ್ ಬದ್ಕಿದವ್ರ್ ಅವ್ರ್. ಅವ್ರಿಗೆ ಈ ಬಾವಿ ನೀರೇ ಆಯ್ಕ್. ಇಲ್ದಿದ್ರೆ ಪೆಟ್ಗಿ ಹ್ಯಾಂಗ್ ಎತ್ತ್‌ತ್ರಿ, ನಾನೂ ಕಾಂತೆ!”

ಐವನ್‌ಗೂ ಸಿಟ್ಟು ಬಂತು. “ನೀವು ಈ ಮಾತು ಆಡಬೇಡಿ ಆಂಟಿ. ನಿಮ್ಮ ದೇವರ ಕೋಣೆಗೆ ಈ ನೀರು ಒಂದು ದಿನವಾದರೂ ಹೋಗಿದೆಯಾ? ಮಾವ್ಶಿಗೆ, ನಿಮ್ಮ ಬಾಯಮ್ಮನಿಗೆ, ಎಲ್ಲ ಗೊತ್ತಿತ್ತು. ಫೋನಿನಲ್ಲಿ ನಗಾಡುತ್ತ ಹೇಳುತ್ತಿದ್ದರು.”

ಜಲಜ ಹಿಡಿದಿದ್ದ ಜಾಲರಿ ಬಿಟ್ಟಳು. ಸುಳ್ಳಲ್ಲವಲ್ಲ! ಅನ್ನಕ್ಕೆ, ಬಾಣಂತಿ ಸ್ನಾನಕ್ಕೆ, ಕರುವಿನ ಬಾನಿಗೆ ಎಲ್ಲಕ್ಕೂ ಆದ ನೀರು ಪೂಜೆಗೆ ಮಾತ್ರ ಆಗಿರಲಿಲ್ಲ. ಪೂಜೆಗೆಂದು ಗಂಡ ರಾಜೇಂದ್ರ ದೇವಸ್ಥಾನದ ಬಾವಿಯಿಂದ ಕ್ಯಾನಿನಲ್ಲಿ ತರುತ್ತಿದ್ದ. ಅತ್ತೆ ಹಾಕಿದ ಕಟ್ಟಳೆ. ಅತ್ತೆ ಹೋಗಿ ಹನ್ನೆರಡು ವರ್ಷವಾದರೂ ಜಲಜ ಅದನ್ನು ಮುರಿದಿರಲಿಲ್ಲ. ಥೂ, ಯಾವ ಮುಖ ಹೊತ್ತು ದಿನಾ ಈ ಕಟ್ಟೆ ಹತ್ತಿದೆ ಎಂದು ಈಗ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

“ಹೌದ್, ತಪ್ಪ್ ನಂದೇ. ನಂಗೆ ಆಮೇಲ್ ಬೈನಿ. ಈಗ ಬೀಗ ತೆಗಿನಿ.”

ಅಷ್ಟರಲ್ಲಿ ಪಾದ್ರಿಗಳು ಅಂಗಳಕ್ಕೆ ಬಂದು ನಿಂತಿದ್ದರು. “ಕೊಡು ಐವನ್,” ಎಂದರು. “ಅವರೇ ಸೇದಿ ತರಲಿ.”

ಬಟ್ಟಲು ಬದಲಾಯಿತು. ಪಾದ್ರಿಗಳು ಆಶೀರ್ವದಿಸಿದ ನೀರನ್ನು ಊರಿನವರೆಲ್ಲ ಚಿಮುಕಿಸಿದ ಮೇಲೆ ಪೆಟ್ಟಿಗೆ ಹೊರಟಿತು.

ಜಲಜ ಇನ್ನೆರಡು ಕೊಡ ಸೇದಿ ಮನೆಗೆ ಹೊತ್ತಳು. ಸಾವಿನ ಮನೆಯಿಂದ ಬಂದವರ ಕ್ರಮದಂತೆ ಅಂಗಳದ ಮೂಲೆಯಲ್ಲಿ ಒಂದನ್ನು ತಲೆಗೆ ಹೊಯ್ದುಕೊಂಡಳು. ಇನ್ನೊಂದನ್ನು ಸೊಂಟಕ್ಕಿಟ್ಟು ಒದ್ದೆ ಸೀರೆಯಲ್ಲೇ ಒಳಗೆ ನಡೆದಳು. ದೇವರ ಕೋಣೆಯ ಬಾಗಿಲಲ್ಲಿ ರಾಜೇಂದ್ರ ಅಡ್ಡ ನಿಂತ.

“ಎಲ್ಲಿಗೆ ಅದ್ರನ್ನ? ಸಾವಿನ್ ಮನೆ ನೀರ್ ಮಾರಾಯ್ತಿ!”

“ನಿಮ್ ಮಕ್ಳನ್ನ ಬೆಳ್ಸದ್ ನೀರ್. ಬದಿಗ್ ನಿಲ್ಲಿ.”

ಅವನು ಸರಿಯಲಿಲ್ಲ. ಅವನ ಅಂಗಿ ಒದ್ದೆ ಮಾಡಿಕೊಂಡೇ ಜಲಜ ಒಳನುಗ್ಗಿದಳು. ಬೆಳಿಗ್ಗೆ ತುಂಬಿಟ್ಟಿದ್ದ ತಾಮ್ರದ ತಂಬಿಗೆಯನ್ನು ಕಿಟಕಿಯಾಚೆ ಬರಿದುಮಾಡಿ ಕೊಡ ವಾಲಿಸಿದಳು. ತಂಬಿಗೆ ತುಂಬಿ ಹೊರಚೆಲ್ಲಿ, ದೇವರ ಪೀಠದ ಕಾಲು ನೆನೆದು, ನೀರು ನೆಲದ ಮೇಲೆ ಹರಿಯುತ್ತ ರಾಜೇಂದ್ರನ ಪಾದದವರೆಗೂ ಬಂತು.