ಬಟ್ಟೆಯ ಹಿಂದಿನ ಮಾತು

ಲೋಟ ಕೆಳಗಿಡಿ ಡಾಕ್ಟರಮ್ಮ, ಬಾಯಿ ಕಾಣಲಿ, ನೀರು ಕುಡಿಯುತ್ತಲೇ ಏನೋ ಹೇಳಿಬಿಟ್ಟರು, ಅರ್ಧ ಮಾತು ಲೋಟದೊಳಗೇ ಮುಳುಗಿತು, ನಗರಸಭೆಯ ಈ ಮೇಜಿನ ಸುತ್ತ ಕೂತವರೆಲ್ಲ ತಲೆದೂಗಿದರು, ನಾನೂ ತೂಗಿದೆ, ಗಿರಣಿಯ ಮಗ್ಗಗಳು ಕಿವಿ ತಿಂದು ಮುಗಿಸಿದ ಮೇಲೆ ನನಗೆ ಎದುರಿನವರ ತುಟಿಯೇ ಕಿವಿ — ಹಾಂ, ಇಟ್ಟರು. ಆ ಕಾಯಿಲೆ ಬಂದ ಮೊದಲ ಕೆಲವು ವಾರ ವೃದ್ಧಾಶ್ರಮಗಳ ಬಾಗಿಲು ಮುಚ್ಚಿದ್ದು ಕೆಲಸಕ್ಕೆ ಬಂತು, ಅದರಲ್ಲಿ ಅನುಮಾನ ಇಲ್ಲ, ಆಮೇಲೂ ತಿಂಗಳುಗಟ್ಟಲೆ ಮುಚ್ಚಿಟ್ಟದ್ದು ಎಷ್ಟು ಜೀವ ಉಳಿಸಿತು ಅಂದರೆ, ಬಹುಶಃ ಹೆಚ್ಚೇನಿಲ್ಲ, ಅಷ್ಟು ಹೊತ್ತಿಗೆ ಕಾಯಿಲೆ ಕೆಲಸದವರ ಜೊತೆಗೇ ಒಳಗೆ ಹೋಗಿ ಬರುತ್ತಿತ್ತು, ಅಂದರು. ಬಹುಶಃ ಅನ್ನುವಾಗಲೆಲ್ಲ ಅವರ ಹುಬ್ಬು ಸ್ವಲ್ಪ ಮೇಲೇರುತ್ತದೆ, ಒಳ್ಳೆಯ ಹೆಂಗಸು, ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವುದಿಲ್ಲ. ಗೋಡೆಯ ಮೇಲೆ ಬೆಳಕಿನಲ್ಲಿ ಸತ್ತವರ ಲೆಕ್ಕದ ಎರಡು ಗೆರೆ ಬಿಟ್ಟಿದ್ದಾರೆ, ಕೆಂಪು ಗೆರೆ ಬಾಗಿಲು ತೆರೆದಿಟ್ಟ ಆಶ್ರಮದ್ದು, ನೀಲಿ ಮುಚ್ಚಿದ ಆಶ್ರಮದ್ದು, ಕೆಂಪು ಮೊದಲು ಗುಡ್ಡದಂತೆ ಎದ್ದು ಇಳಿದುಹೋಗುತ್ತದೆ, ನೀಲಿ ತಡವಾಗಿ ಏಳುತ್ತದೆ, ಆದರೆ ಇವೆರಡನ್ನೂ ಪಕ್ಕಪಕ್ಕ ಇಟ್ಟು ತೀರ್ಮಾನ ಹೇಳಬೇಡಿ, ಒಂದರಲ್ಲಿ ಕೋಣೆ ದೊಡ್ಡವು, ಇನ್ನೊಂದರಲ್ಲಿ ವಯಸ್ಸು ಹೆಚ್ಚು, ಅಂತ ಅವರೇ ಅಂದರು, ಸರಿಯೇ, ಬೇರೆ ಬೇರೆ ನೂಲಿನ ಎರಡು ಬಟ್ಟೆ ಒಗೆದು ಯಾವ ಸೋಪು ಒಳ್ಳೆಯದು ಅಂತ ಕೇಳಿದ ಹಾಗೆ. ಈಗ ಗೋಡೆಯ ಕಡೆ ತಿರುಗಿದರು, ಮಾತು ಹೋಯಿತು, ರಾತ್ರಿ ಶಾಲೆಯ ಮೇಷ್ಟ್ರೂ ಹೀಗೇ, ಬೋರ್ಡಿಗೆ ಪಾಠ ಹೇಳೋರು, ನಮಗೆ ಬೆನ್ನು ತೋರಿಸೋರು. ಎದುರಿಗೆ ಕೂತ ಬೇಕರಿಯವರು ಮೇಜು ಗುದ್ದಿದರು, ಬಹುಶಃ ಅನ್ನೋದನ್ನ ನಮ್ಮಮ್ಮನ ಹತ್ರ ಹೋಗಿ ಹೇಳಿ ಮೇಡಂ, ಅಂದರು, ಅವರ ತುಟಿ ದಪ್ಪ, ಓದುವುದು ಸುಲಭ, ಅವರ ತಾಯಿ ಇದ್ದದ್ದು ಆ ಕೆಂಪು ಗೆರೆಯ ಮನೆಯಲ್ಲಿ, ಯಾರದೋ ಮಗ ನೋಡಲು ಬಂದ, ಕೆಮ್ಮಿ ಹೋದ, ಆ ಸಾಲಿನ ಹಾಸಿಗೆಗಳೆಲ್ಲ ಖಾಲಿಯಾದವು. ಡಾಕ್ಟರಮ್ಮ ತಿರುಗಿ ನಿಂತು, ಹೇಳಬಲ್ಲೆ ಅಂತ ನಾನೂ ಅಂದ್ಕೊಂಡಿಲ್ಲ ಸರ್, ಅಂದರು, ಮುಂದಿನ ಚಿತ್ರ ಬಿಟ್ಟರು, ಮೂಗು ಬಾಯಿ ಮುಚ್ಚಿದ ಮುಖ, ನೀಲಿ ಮಾಸ್ಕು — ನೋಡಬಾರದಿತ್ತು, ನೋಡಿದೆ, ಬಂತು ನೆನಪು, ನಮ್ಮವರ ಬಾಯಿಯ ಬಟ್ಟೆ ಒಳಗೆ ಹೋಗುತ್ತದೆ, ಹೊರಗೆ ಉಬ್ಬುತ್ತದೆ, ಗಾಜಿನಾಚೆ.

ಮಾಸ್ಕು ಕೆಲಸಕ್ಕೆ ಬರುತ್ತದೆಯೇ ಅಂತ ಮೂಲೆಯಲ್ಲಿ ಕೂತವರೊಬ್ಬರು ಕೇಳುತ್ತಿದ್ದಾರೆ, ನನ್ನನ್ನು ಕೇಳಿ, ನಮ್ಮ ಮದುವೆಗೆ ಮುಂಚಿನ ಮಾತು ಅದು. ಗಿರಣಿಯಲ್ಲಿ ಹತ್ತಿಯ ಧೂಳು ಬೆಳ್ಳಗೆ ತೇಲುತ್ತಿತ್ತು, ರೆಪ್ಪೆಯ ಮೇಲೆ, ಕೂದಲಿನ ಮೇಲೆ, ಎಲ್ಲರೂ ಒಂದೇ ದಿನದಲ್ಲಿ ಮುದುಕರಾದಂತೆ, ಗಿರಣಿಯ ಡಾಕ್ಟರು ಬಂದು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಶ್ವಾಸಕೋಶ ಉಳಿಯುತ್ತೆ ಅಂದರು, ಮೇಸ್ತ್ರಿ ಎಲ್ಲರಿಗೂ ಬಟ್ಟೆ ಹಂಚಿದ, ಕಟ್ಟಿಕೊಂಡೆವು, ಅರ್ಧ ಗಂಟೆಯಲ್ಲಿ ಒಬ್ಬೊಬ್ಬರದೇ ಕತ್ತಿಗಿಳಿಯಿತು. ಯಾಕೆಂದರೆ ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ, ನಮ್ಮದು ಮೂಕಮಾತು, ದನಿಯೇ ಇಲ್ಲದೆ ತುಟಿ ಅಗಲಿಸಿ, ಹುಬ್ಬು ಎತ್ತಿ, ಮಗ್ಗದಿಂದ ಮಗ್ಗಕ್ಕೆ ಸಂಸಾರದ ಸುದ್ದಿಯೆಲ್ಲ ಹೋಗುತ್ತಿತ್ತು, ಬಾಯಿ ಮುಚ್ಚಿದರೆ ನಮಗೆ ನಾಲಿಗೆ ಕಿತ್ತಂತೆ. ನಮ್ಮವರು ಆಗ ನಮ್ಮವರಲ್ಲ, ಎದುರು ಸಾಲಿನ ಉದ್ದ ಮನುಷ್ಯ, ನೋಡಿದಾಗಲೆಲ್ಲ ತಲೆಯ ಮೇಲೆ ಧೂಳಿನ ಪೇಟ, ಒಂದು ದಿನ ಬಟ್ಟೆ ಗಲ್ಲಕ್ಕೆ ಇಳಿಸಿ, ನಿನ್ನ ನೂಲು ಕಡಿದಿದೆ, ಅಂದರು. ನೋಡಿದೆ, ಕಡಿದಿರಲಿಲ್ಲ. ಮಾರನೆಯ ದಿನವೂ ಅದನ್ನೇ ಅಂದರು. ಕಣ್ಣು ಸರಿ ಇಲ್ವಾ ನಿಮಗೆ, ಅಂದೆ ನಾನೂ ಬಟ್ಟೆ ಇಳಿಸಿ, ಇದೆ, ಅದಕ್ಕೇ ತೊಂದರೆ, ಅಂದರು, ಪಕ್ಕದ ಮಗ್ಗದವಳು ಓದಿಕೊಂಡು ನಕ್ಕಳು, ಆ ಕಾರ್ಖಾನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ, ಕಣ್ಣಿದ್ದವರಿಗೆಲ್ಲ ಕೇಳುತ್ತಿತ್ತು. ಹೀಗೆ ಬಟ್ಟೆ ಇಳಿಸಿ ಇಳಿಸಿ ಮದುವೆಯಾದೆವು, ಇಳಿಸಿ ಇಳಿಸಿಯೇ ಅವರ ಎದೆಗೆ ಧೂಳು ಸೇರಿತು, ನನಗಿಂತ ಹೆಚ್ಚು ಮಾತಾಡಿದವರು ಅವರು, ಆಮೇಲೆ ಆಯುಷ್ಯವೆಲ್ಲ ಕೆಮ್ಮು, ಮೆಟ್ಟಿಲು ಹತ್ತಿದರೆ ಕೆಮ್ಮು, ನಕ್ಕರೆ ಕೆಮ್ಮು, ಆ ಡಾಕ್ಟರು ಹೇಳಿದ್ದು ಅಕ್ಷರಶಃ ನಿಜ, ಬಟ್ಟೆ ಕಟ್ಟಿಕೊಂಡೇ ಇದ್ದ ಒಂದಿಬ್ಬರು ಈಗಲೂ ಗಟ್ಟಿಯಾಗಿ ಓಡಾಡುತ್ತಾರೆ. ಒಮ್ಮೆ ಕೇಳಿದೆ, ಕಟ್ಟಿಕೊಂಡಿದ್ದಿದ್ದರೆ ಒಳ್ಳೇದಾಗ್ತಿತ್ತು ಅಲ್ವಾ, ಅಂತ. ಕಟ್ಟಿಕೊಂಡಿದ್ದಿದ್ದರೆ ನೀನು ಬೇರೆ ಯಾರಿಗೋ ಅಡುಗೆ ಮಾಡ್ತಿದ್ದೆ, ಅಂದರು, ಅಷ್ಟಕ್ಕೇ ಕೆಮ್ಮು ಬಂತು, ನೀರು ಕೊಟ್ಟೆ, ಎದೆಯನ್ನೂ ನನ್ನನ್ನೂ ತೂಕ ಹಾಕಿ ಆಗಿತ್ತು ಅವರದು.

ಡಾಕ್ಟರಮ್ಮ ಹೇಳುತ್ತಿದ್ದಾರೆ, ಮುಚ್ಚಿದ ಬಾಗಿಲಿನ ಒಳಗೆ ಮುದುಕರು ಊಟ ಕಡಿಮೆ ಮಾಡಿದರು, ಮಾತು ಬಿಟ್ಟರು, ಅದಕ್ಕೂ ಬೆಲೆ ಕಟ್ಟಬೇಕು, ಆದರೆ ಯಾರೂ ಅಳೆದಿಟ್ಟಿಲ್ಲ, ಅಳೆಯದೇ ಇದ್ದದ್ದು ಇಲ್ಲವೇ ಇಲ್ಲ ಅಂತಲ್ಲ. ನಮ್ಮವರು ಮಾತು ಬಿಡಲಿಲ್ಲ, ಅದೊಂದು. ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದು, ಎತ್ತಿ ಕೂರಿಸುವ ಶಕ್ತಿ ನನಗಿಲ್ಲದೆ ಆಶ್ರಮಕ್ಕೆ ಸೇರಿಸಿದ್ದೆ, ದಿನಾ ಹೋಗಿ ಪಕ್ಕದಲ್ಲಿ ಕೂತು ಸಂಜೆ ಬರುವುದು, ಕಾಯಿಲೆ ಬಂತು, ಬಾಗಿಲು ಹಾಕಿದರು, ಹೊರಗಿನ ಕಿಟಕಿಯ ಗಾಜಿನ ಹತ್ತಿರ ನಿಂತು ನೋಡಬಹುದು ಅಂದರು. ಬೇರೆ ಮನೆಯವರು ಗಾಜು ಬಡಿದು ಕೂಗಿ ಕೂಗಿ ಗಂಟಲು ಹರಿದುಕೊಂಡು ಅಳುತ್ತ ಹೋಗುತ್ತಿದ್ದರು, ನಮಗೆ ಗಾಜು ಒಂದು ಲೆಕ್ಕವೇ, ಗಿರಣಿಯ ಸದ್ದಿಗಿಂತ ತೆಳ್ಳಗಿತ್ತು ಅದು, ಆಚೆ ಅವರು, ಈಚೆ ನಾನು, ಮೂಕಮಾತು. ಅವರಿಗೆ ಕೂತು ಮಾತಾಡಿ ಅಭ್ಯಾಸವಿಲ್ಲ, ಮಗ್ಗದ ಮುಂದೆ ನಿಂತೇ ಆಡಿದ ಬಾಯಿ, ನಿಲ್ಲಿಸು ಅಂತ ಹಟ ಮಾಡುತ್ತಿದ್ದರಂತೆ, ಆಯಾ ಹುಡುಗಿ ಬಿದ್ದ ಕಡೆಯ ತೋಳಿನಡಿ ತನ್ನ ಭುಜ ಕೊಟ್ಟು ನಿಲ್ಲಿಸುತ್ತಿದ್ದಳು, ತಾತ, ನಿಮ್ಮ ಮೂಕಿ ಸಿನಿಮಾ ಶುರುವಾಗಲಿ, ನಂಗೆ ಟಿಕೆಟ್ ಬೇಡ ತಾನೆ, ಅನ್ನುವಳು. ಅವಳಿಗೂ ಉಬ್ಬಸ, ಮಿಲ್ಲಿಗೆ ಹೋಗದೇನೇ ಮಿಲ್ಲಿನ ಕೆಮ್ಮು ಸಂಪಾದಿಸಿದ್ದೀಯಲ್ಲೇ, ಅಂತ ಇವರು ಅವಳನ್ನು ರೇಗಿಸುವರು. ಆಮೇಲೆ ಆಶ್ರಮದ ಒಳಗೂ ಒಬ್ಬರಿಗೆ ಜ್ವರ ಬಂತು, ಒಳಗಿರುವವರೂ ಮಾಸ್ಕು ಹಾಕಬೇಕು ಅಂತ ಹೊಸ ಆಜ್ಞೆ, ನಾನು ಹೋದೆ, ನಿಂತಿದ್ದರು, ಹುಡುಗಿಯ ಭುಜದ ಮೇಲೆ ತೋಳು, ಇಬ್ಬರ ಮುಖದ ನಡುವೆ ಒಂದು ಗೇಣೂ ಇಲ್ಲ, ಇಬ್ಬರ ಬಾಯಿಗೂ ಬಟ್ಟೆ. ಸರಿ ಇರುವ ಕೈ ಎದ್ದಿತು, ಬಟ್ಟೆಯ ಅಂಚು ಹಿಡಿಯಿತು, ಇಳಿಸುತ್ತಾರೆ ಅಂದುಕೊಂಡೆ, ಇಳಿಸದೆ ಯಾವತ್ತು ಇದ್ದಾರೆ ಇವರು, ಆಗ ಹುಡುಗಿ ಆಚೆ ತಿರುಗಿ ಕೆಮ್ಮಿದಳು, ಭುಜ ಕುಲುಕಿತು, ಇವರು ಅವಳ ಕಡೆ ನೋಡಿದರು, ಎಷ್ಟೋ ಹೊತ್ತು ನೋಡಿದಂತೆ ನನಗೆ, ಕೈ ಕೆಳಗಿಳಿಯಿತು. ಆಮೇಲೆ ನನ್ನ ಕಡೆ ತಿರುಗಿ ಬಟ್ಟೆಯ ಹಿಂದಿನಿಂದ ಏನೋ ಹೇಳಿದರು. ದನಿ ಹಾಕಿದ್ದರೆ ಪಕ್ಕದಲ್ಲಿದ್ದ ಹುಡುಗಿಗಾದರೂ ಕೇಳುತ್ತಿತ್ತು, ನನ್ನ ಜೊತೆ ಮಾತಾಡುವಾಗ ದನಿ ಹಾಕುವುದು ಅವರಿಗೆ ಹೊಳೆಯಲೇ ಇಲ್ಲ. ಏನಂದರು, ಏನಂದರು, ಅಂತ ಅವಳಿಗೆ ಕೈಸನ್ನೆ ಮಾಡಿದೆ, ಅವಳು ಇಲ್ಲ ಅಂತ ತಲೆಯಾಡಿಸಿದಳು, ಆಮೇಲೆ ಎಲ್ಲ ಮುಗಿದ ಮೇಲೂ ಕೇಳಿದೆ, ಏನೂ ಕೇಳಿಸಲಿಲ್ಲ ಅಜ್ಜಿ, ಬಟ್ಟೆ ಮಾತ್ರ ಅಲ್ಲಾಡ್ತಿತ್ತು, ಅಂದಳು. ಆ ವಾರದಲ್ಲೇ ಫೋನು ಬಂತು, ಫೋನಿಗೆ ತುಟಿ ಇಲ್ಲ, ಪಕ್ಕದ ಮನೆಯವಳು ಕಿವಿಗಿಟ್ಟುಕೊಂಡು ಕೇಳಿ ನನ್ನ ಕಡೆ ತಿರುಗಿದಳು, ಅವಳು ಬಾಯಿ ತೆರೆಯುವ ಮೊದಲೇ ಓದಿಕೊಂಡೆ. ಕನ್ನಡಿಯ ಮುಂದೆ ನಿಂತು ಬಟ್ಟೆ ಕಟ್ಟಿಕೊಂಡು ಪರೀಕ್ಷೆ ಮಾಡಿದ್ದೇನೆ ನಾನೂ, ಡಾಕ್ಟರಮ್ಮನ ಹಾಗೆ, ಅವತ್ತು ಅವರ ಬಟ್ಟೆ ಮೊದಲು ಒಳಕ್ಕೆ ಹೋಯಿತು, ಆಮೇಲೆ ಜೋರಾಗಿ ಹೊರಗೆ ಉಬ್ಬಿತು, ತುಟಿ ಕೂಡಿಸಿ ಬಿಡಿಸುವ ಅಕ್ಷರವೇ ಇರಬೇಕು, ಹೋಗಿ ಬಾ ಅಂದರೆ ಹಾಗೆ ಉಬ್ಬುತ್ತದೆ, ಒಳಗೆ ಬಾ ಅಂದರೂ ಹಾಗೇ, ಮನೆಗೆ ಕರ್ಕೊಂಡು ಹೋಗೇ ಅಂದರೂ ಒಮ್ಮೊಮ್ಮೆ, ಬರೀ ಕೆಮ್ಮಿದರೂ ಹಾಗೇ. ಬಹುಶಃ. ಎಲ್ಲದಕ್ಕೂ ಸಾಕ್ಷಿ ಇದೆ, ಯಾವುದಕ್ಕೂ ಸಾಲುವುದಿಲ್ಲ.

ಸಭೆಯ ಅಧ್ಯಕ್ಷರು ಕನ್ನಡಕ ತೆಗೆದರು, ಚೀಟಿ ಎತ್ತಿ ಆರಿಸಿದ ನಿಮ್ಮಂಥ ಊರಿನವರು ಹೇಳಿದ್ದನ್ನೇ ನಗರಸಭೆ ಒಪ್ಪಿಕೊಳ್ಳುತ್ತೆ, ಅಂದರು, ಮುಂದೆ ಇಂಥದ್ದು ಬಂದರೆ ಕಾಯಿಲೆ ಹೋಗುವ ತನಕ ಬಾಗಿಲು ಮುಚ್ಚಿರಬೇಕು ಅನ್ನುವವರು, ಬೇಕರಿಯವರ ಕೈ ಮೊದಲು ಎದ್ದಿತು, ಇನ್ನೂ ಕೆಲವು, ಮೊದಲ ವಾರಗಳಾದ ಮೇಲೆ ಮನೆಯವರೊಬ್ಬರನ್ನು ಒಳಗೆ ಬಿಡಬೇಕು ಅನ್ನುವವರು, ಇವರದೂ ಅಷ್ಟೇ ಕೈ, ಸಮ. ಅಮ್ಮಾ, ನೀವು ಯಾವ ಕಡೇನೂ ಎತ್ತಲಿಲ್ಲ, ನೀವೊಬ್ಬರೇ ಉಳಿದಿರೋದು, ಅಂದರು ನನ್ನ ಕಡೆ ತಿರುಗಿ. ಹಿಂದಿನ ಸಾಲಿನಲ್ಲಿ ಆಯಾ ಹುಡುಗಿ ಕೂತಿದ್ದಾಳೆ, ನೋಡಲು ಬಂದವರ ಕುರ್ಚಿಯಲ್ಲಿ, ನಾನು ತಿರುಗಿದ್ದಕ್ಕೆ ಕೈ ಬೀಸಿದಳು, ಬದುಕಿದ್ದಾಳೆ, ಆ ಬಟ್ಟೆಯಿಂದಲೋ ಅದೃಷ್ಟದಿಂದಲೋ ಆ ಗೆರೆಗಳಲ್ಲಿ ಬರೆದಿಲ್ಲ, ಇದ್ದಾಳೆ, ನಗುತ್ತಾಳೆ, ನನಗೆ ಬೇಕು ಅವಳು ಹಾಗೆ. ಬಾಗಿಲು ತೆರೆದಿದ್ದರೆ ನನ್ನ ಕೆಮ್ಮು ಅವಳಿಗೆ, ಅವಳದು ಪಕ್ಕದ ಹಾಸಿಗೆಗೆ, ಈ ದಪ್ಪ ತುಟಿಯ ಮನುಷ್ಯನ ತಾಯಿಯಂಥವಳೊಬ್ಬಳಿಗೆ. ಆದರೆ ಬಾಗಿಲು ತೆರೆದಿದ್ದರೆ ಆ ತೋಳಿನಡಿ ಇದ್ದ ಭುಜ ನನ್ನದು, ಹುಡುಗಿ ಆಚೆ ಹೋಗಿ ಉಸಿರಾಡಿಕೊಂಡಿರಬಹುದಿತ್ತು, ಇವರು ಬಟ್ಟೆ ಇಳಿಸಿದ್ದರೆ ನನ್ನ ಮುಖದ ಮೇಲೆ ತಾನೆ, ಆ ಧೂಳನ್ನು ನಾನು ಆಗಲೇ ಒಪ್ಪಿಕೊಂಡವಳು, ಹತ್ತೊಂಬತ್ತರ ಪ್ರಾಯದಲ್ಲಿ, ಮಗ್ಗದ ಮುಂದೆ. ಇಳಿಸದಿದ್ದರೂ ಸರಿ, ಬಟ್ಟೆಯ ಮೇಲೆ ಬೆರಳಿಟ್ಟು ಓದಿಕೊಳ್ಳುತ್ತಿದ್ದೆ. ಕೈ ಎತ್ತಿದೆ. ಯಾವುದಕ್ಕಮ್ಮ, ಅಂದರು ಅಧ್ಯಕ್ಷರು, ಒಬ್ಬರನ್ನು ಒಳಗೆ ಬಿಡಿ, ಅಂದೆ, ದನಿ ಹಾಕಿಯೇ ಅಂದೆ, ಬರೆದುಕೊಂಡರು. ಬೇಕರಿಯವರು ತಲೆ ತಗ್ಗಿಸಿ ಮೇಜಿನ ಮೇಲಿನ ತಮ್ಮ ಕೈಯನ್ನೇ ನೋಡುತ್ತಿದ್ದಾರೆ, ತೋಳಿನ ಮೇಲೆ ಒಲೆಯ ಹಳೆಯ ಸುಟ್ಟ ಗುರುತು, ನಿಮ್ಮಮ್ಮನನ್ನು ಮರೆತು ಎತ್ತಿದ ಕೈಯಲ್ಲಪ್ಪ ಇದು, ಅಂತ ಅವರಿಗೆ ಹೇಳಬೇಕು, ಹೇಳಿದೆ, ಅವರು ತಲೆಯೆತ್ತಿ ನನ್ನ ಬಾಯನ್ನೇ ನೋಡಿದರು, ಮುಂದಕ್ಕೆ ಬಾಗಿದರು, ಕೋಪ ಇಲ್ಲ ಆ ಮುಖದಲ್ಲಿ, ಏನೋ ಕಳೆದುಕೊಂಡವರ ಹಾಗೆ, ಏನಂದ್ರಿ ಅಮ್ಮಾ, ಅಂದರು, ನನ್ನ ತುಟಿ ಆಡಿತು, ಅವರಿಗೆ ಕೇಳಿಸಲಿಲ್ಲ — ದನಿ ಹಾಕಲು ಮರೆತೆನೇ ನಾನು, ಈಗ ಹಾಕಬೇಕು, ಹಾಕುತ್ತೇನೆ, ಏನಂದ್ರಿ, ಅನ್ನುತ್ತಿದ್ದಾರೆ ಮತ್ತೆ, ನಮ್ಮವರು ಏನಂದರು, ಗಾಜಿನಾಚೆ ಕೈ ಏಳುತ್ತದೆ, ಅಂಚು ಹಿಡಿಯುತ್ತದೆ, ಹುಡುಗಿಯ ಕಡೆ ನೋಡುತ್ತದೆ ಕಣ್ಣು, ಕೈ ಇಳಿಯುತ್ತದೆ, ಬಟ್ಟೆ ಒಳಗೆ ಹೋಗುತ್ತದೆ, ಹೊರಗೆ ಉಬ್ಬುತ್ತದೆ