ಮೂರಾದರೆ ಮುಚ್ಚುತ್ತದೆ

"ಟೀವಿ ಒರೆಸು ಅಂದ್ರೆ ಎಮ್ಮೆ ಮೈ ತಿಕ್ಕೋ ಹಾಗೆ ತಿಕ್ತಿದೀಯಲ್ಲೇ! ಗೀರು ಬಿದ್ರೆ ನಿಮ್ಮಪ್ಪ ಬಂದು ತೆಗೀತಾನಾ?"

ಸಾಕೇತ್ ಸಾಹೇಬರು ಸೋಫಾದ ಮೇಲಿನ ಕಾಲು ಇಳಿಸದೆಯೇ ಹೇಳಿದರು. ನಾನು ಬಟ್ಟೆ ಮಡಚಿಕೊಂಡು ಹಿಂದೆ ಸರಿದೆ. ಯೂನಿಯನ್‌ವಿಲ್‌ನ ಈ ಮನೆಗೆ ನಾನು ಬಂದದ್ದು, ಲಕ್ವ ಹೊಡೆದ ಅವರ ತಾಯಿ ಭಾನುಮತಮ್ಮನವರನ್ನು ನೋಡಿಕೊಳ್ಳಲು. ಈ ದೇಶದವರು ಕೊಟ್ಟ ಕೆಲಸದ ಪರ್ಮಿಟ್ಟಿನಲ್ಲಿ ಹಾಗೇ ಇದೆ. ಟೀವಿ, ಬೋಂಡಾ, ಬೈಗುಳ ಅದರಲ್ಲಿಲ್ಲ. ಬೇರೆ ಯಾರ ಮನೆಯಲ್ಲೂ ಕೆಲಸ ಮಾಡಕೂಡದು ಎನ್ನುವುದು ಮಾತ್ರ ಇದೆ.

ಭಾನುವಾರದ ಊಟಕ್ಕೆ ಶ್ರೀಕಾಂತ್, ಜ್ಯೋತ್ಸ್ನಾ ದಂಪತಿ ಬಂದಿದ್ದರು. ಜ್ಯೋತ್ಸ್ನಾ ಮೇಡಂ ಕನ್ನಡದವರ ವಾಟ್ಸಾಪ್ ಗುಂಪು ನಡೆಸುವವರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಪಕ್ಕದೂರು ಒಶಾವಾ ಮುಟ್ಟುತ್ತದೆ, ಮರುದಿನ ನಮ್ಮೂರು ನವಲಗುಂದದಲ್ಲಿ ನನ್ನವ್ವನ ಅಂಗಳ.

ಸಾಹೇಬರು ಲ್ಯಾಪ್‌ಟಾಪಿನ ಚಿತ್ರವನ್ನು ಟೀವಿಗೆ ಹಾಕಿದರು. ಒಂದು ನಕ್ಷೆ.

"ಗಡಿಯಾಚೆ ಅಮೆರಿಕದ ಒಂದು ಸ್ಟೇಟು. ಹೊಸ ಕಾನೂನು ತರ್ತಿದಾರೆ. ಅಲ್ಲಿ ಆಗೋ ಪ್ರತಿ ಅಬಾರ್ಷನ್ನಿನ ವರದಿನೂ ಜನ ನೋಡೋ ಹಾಗೆ ವೆಬ್‌ಸೈಟಲ್ಲಿ ಹಾಕ್ಬೇಕು. ಆ ವೆಬ್‌ಸೈಟು ಮಾಡ್ತಿರೋದು ನಮ್ಮ ಕಂಪನಿ."

"ಅಯ್ಯೋ, ಹೆಸರು?" ಎಂದರು ಜ್ಯೋತ್ಸ್ನಾ.

"ಹೆಸರೇ ಇಲ್ಲ! ಬರೀ ಜಿಲ್ಲೆ, ವಯಸ್ಸು, ಮದುವೆ, ಉದ್ಯೋಗ, ಕಾರಣ. ಒಂದು ಜಿಲ್ಲೇಲಿ ಮೂರಾದ್ರೆ ವಿವರ ಮುಚ್ಕೊಂಡು ಬರೀ ಅಂಕಿ ಬರುತ್ತೆ. ಒಂದೋ ಎರಡೋ ಇದ್ರೆ ಪೂರ್ತಿ ತೆರ್ಕೊಳ್ಳುತ್ತೆ."

"ಪ್ರೈವೆಸಿಗೆ ಅಂತಾನಾ?" ಶ್ರೀಕಾಂತ್ ಕೇಳಿದರು.

"ಇಲ್ಲಪ್ಪ. ಮೂರಾದ್ರೆ ಸ್ಕ್ರೀನಲ್ಲಿ ಜಾಗ ಸಾಲಲ್ಲ."

ನಕ್ಷೆಯ ಮೂಲೆಯ ಕಾಡಿನ ಜಿಲ್ಲೆಯೊಂದರಲ್ಲಿ ಒಂದೇ ಒಂದು ಕೆಂಪು ಬೊಟ್ಟು ಹೊಳೆಯುತ್ತಿತ್ತು. ಒಂಟಿ ಚಿಕ್ಕಿ, ಒಂಟಿ ನಕ್ಷತ್ರ, ನೋಡಬಾರದು, ಎನ್ನುತ್ತಿದ್ದಳು ನನ್ನ ಅಜ್ಜಿ. ಕಂಡರೆ, ಜೊತೆಗೆ ಇನ್ನೆರಡು ಸಿಗುವ ತನಕ ಮುಗಿಲಿನಿಂದ ಕಣ್ಣು ತೆಗೆಯಬಾರದು. ಇಲ್ಲದಿದ್ದರೆ ಆ ಚಿಕ್ಕಿ ಹೆದರಿ ಕೆಳಗೆ ಬೀಳುತ್ತದೆ.

"ಇದು ಟೆಸ್ಟಿಂಗಿಗೆ ನಾನೇ ಹಾಕಿದ್ದು," ಎನ್ನುತ್ತಾ ಸಾಹೇಬರು ಬೊಟ್ಟನ್ನು ಒತ್ತಿದರು. "ಡೇಟಾ ರಿಯಲಿಸ್ಟಿಕ್ ಆಗಿರ್ಬೇಕು ನೋಡಿ."

ಸಾಲು ತೆರೆದುಕೊಂಡಿತು. ವಯಸ್ಸು ಇಪ್ಪತ್ತೇಳು. ಅವಿವಾಹಿತೆ. ಉದ್ಯೋಗ, ಮನೆಯಲ್ಲಿ ವೃದ್ಧರ ಆರೈಕೆ. ಮನೆಮಾತು ಕನ್ನಡ. ಕಾರಣ, ಜೊತೆಗಾರ ಬಿಟ್ಟು ಹೋದ.

"ಆ ಕಾಡಲ್ಲೂ ನಮ್ಮೋರಿದಾರಾ!" ಎಂದು ಜ್ಯೋತ್ಸ್ನಾ ನಕ್ಕರು. ನಗು ಅರ್ಧಕ್ಕೆ ನಿಂತಿತು. ಭಾನುಮತಮ್ಮನವರ ಬಾಯಿ ಒರೆಸುತ್ತಿದ್ದ ನನ್ನ ಕೈಯನ್ನು ನೋಡಿದರು, ಆಮೇಲೆ ಹೊಟ್ಟೆಯನ್ನು.

ಹೋದ ತಿಂಗಳು ಎರಡು ದಿನ ರಜೆ ಬೇಕಾಗಿ ಸುರಭಿ ಅಕ್ಕನಿಗೆ, ಸಾಹೇಬರ ಹೆಂಡತಿಗೆ, ಎಲ್ಲ ಹೇಳಿದ್ದೆ. ಅವರೊಬ್ಬರಿಗೇ. ಇಲ್ಲಿಯ ಕ್ಲಿನಿಕ್ಕಿನಲ್ಲಿ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಈ ಮನೆಯ ಅಡುಗೆಮನೆಯಲ್ಲಿ. ಈಗ ಅಕ್ಕ ನೀರಿನ ಜಗ್ಗು ಹಿಡಿದು ಗೋಡೆ ನೋಡುತ್ತಿದ್ದರು.

"ಸಾಹೇಬ್ರ, ಇದು ನಂದ್ರಿ," ಎಂದೆ.

"ಹೆಸರೆಲ್ಲಿದೆಯೇ ಅದರಲ್ಲಿ? ತೋರ್ಸು! ಅಷ್ಟು ಮರ್ಯಾದೆ ಇದ್ದೋಳು ಮೊದ್ಲೇ ನೆಟ್ಟಗಿರ್ಬೇಕಿತ್ತು. ಹೋಗು, ಬೋಂಡಾ ತಾ."

"ಬೋಂಡಾದಾಗ ಮಣ್ಣ ಹಾಕ!" ಬಾಯಿಂದ ಬಂದೇಬಿಟ್ಟಿತು.

ಆಗ ಗಾಲಿಕುರ್ಚಿಯಿಂದ ಸದ್ದು ಬಂತು. ಭಾನುಮತಮ್ಮನವರ ಮಾತು ತೊದಲು. ಪೂರ್ತಿ ಕೇಳುವ ತಾಳ್ಮೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕ್ಲಿನಿಕ್ಕಿನಿಂದ ಬಂದ ದಿನ ತಮ್ಮ ಆಡುವ ಒಂದೇ ಕೈಯಿಂದ ನನ್ನ ತಲೆ ಸವರಿದವರು ಅವರು.

"ಏನಂತೆ?" ಎಂದರು ಸಾಹೇಬರು.

"ಬರ್ಕೋ ಅಂತಾರ್ರಿ."

"ಏನು ಬರ್ಕೊಳ್ಳೋದು?"

ನಾನು ಅಮ್ಮನ ತಟ್ಟೆ ಕೆಳಗಿಟ್ಟು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ಬಿ.ಕಾಂ. ಓದುವಾಗ ಟೈಪಿಂಗ್ ಕಲಿತಿದ್ದೆ. ಬೋಂಡಾ ಕರಿದ ಕೈಯ ಕಡಲೆಹಿಟ್ಟು ಕೀಲಿಗಳಿಗೆಲ್ಲ ಹತ್ತಿತು. ಅಮ್ಮ ಒಂದೊಂದೇ ಪದ ಹೇಳಿದರು, ನಾನು ಗಟ್ಟಿಯಾಗಿ ಓದುತ್ತಾ ಒತ್ತಿದೆ. ಹೊಸ ಸಾಲು, ಅದೇ ಜಿಲ್ಲೆ. ಆಗಿನ ವಯಸ್ಸು ಇಪ್ಪತ್ತಾರು. ವಿವಾಹಿತೆ. ಮನೆಮಾತು ಕನ್ನಡ.

"ಕಾರಣ ಏನ್ ಬರೀಲ್ರೀ ಅಮ್ಮಾ?"

"ಹೆಣ್ಣು," ಎಂದರು ಭಾನುಮತಮ್ಮ. ಆ ಪದ ಮಾತ್ರ ತೊದಲಲಿಲ್ಲ. ಸೊಟ್ಟಗಾದ ಮುಖವನ್ನು ಮಗನ ಕಡೆ ತಿರುಗಿಸಿ ಇನ್ನೂ ಒಂದು ಮಾತು ಹೇಳಿದರು.

"ಏನಂತೆ?" ಈ ಸಲ ಸಾಹೇಬರ ದನಿ ಸಣ್ಣಗಿತ್ತು.

"ನಿಮಗಿಂತ ಮೊದಲಿನ ಬಸಿರಂತ್ರಿ. ಆಮ್ಯಾಲೆ ನೀವು ಹುಟ್ಟಿದ್ರಂತ."

"ಅಮ್ಮಾ! ಅತಿಥಿಗಳ ಮುಂದೆ ಇದೇನು..."

"ಹೆಸರು ಹಾಕಿಲ್ಲಲ್ರಿ ಸಾಹೇಬ್ರ," ಎಂದೆ.

ಟೀವಿಯಲ್ಲಿ ಈಗ ಎರಡು ಬೊಟ್ಟು, ಎರಡು ತೆರೆದ ಸಾಲು. ಜ್ಯೋತ್ಸ್ನಾ ಮೇಡಂ ಫೋನನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡರು. ಶ್ರೀಕಾಂತ್ ತಮ್ಮ ತಟ್ಟೆಯ ಬೋಂಡಾ ಎಣಿಸುವವರಂತೆ ತಲೆ ತಗ್ಗಿಸಿದ್ದರು.

"ಇನ್ನೊಂದು ಬೇಕ್ರಿ," ಎಂದೆ, ಯಾರ ಕಡೆಯೂ ನೋಡದೆ. "ಮೂರಾದ್ರ ಮುಚ್ಚತೈತಿ."

ಅಕ್ಕ ಜಗ್ಗನ್ನು ಮೇಜಿನ ಮೇಲಿಟ್ಟರು. ಸೆರಗಿನ ತುದಿ ಎಳೆದುಕೊಂಡರು.

"ಸುರಭಿ," ಎಂದರು ಸಾಹೇಬರು, "ನೀನ್ಯಾಕೆ ಕೈ ಒರೆಸ್ಕೋತಿದೀಯಾ?"

ಅಕ್ಕ ಲ್ಯಾಪ್‌ಟಾಪಿನ ಮುಂದೆ ಬಂದರು. ನಾನು ಸರಿದು ಜಾಗ ಮಾಡಿಕೊಟ್ಟೆ.