ಹೊಸ ಅಚ್ಚಿನ ಪ್ಲಗಿನ್

ಪ್ರಾರ್ಥನೆಗೆ ಇನ್ನು ಹನ್ನೆರಡೇ ನಿಮಿಷ. ಚರ್ಚಿನ ಹಿಂಬದಿಯ ಮೇಜಿನ ಮುಂದೆ ಕೂತು ನೇರಪ್ರಸಾರ ನೋಡಿಕೊಳ್ಳುತ್ತಿದ್ದ ಆರ್ಲಿಸ್ ನೈಕ್ವಿಸ್ಟ್‌ಗೆ ಕೈಕಾಲು ಆಡಲಿಲ್ಲ. ನೇರಪ್ರಸಾರದ ತಂತ್ರಾಂಶದಲ್ಲಿ ಸದ್ದು ಸೋಸುವ ಪ್ಲಗಿನ್ ಎಂಬ ಪುಟ್ಟ ಜೋಡಣೆ ಇರಬೇಕಾದ ಜಾಗ ಖಾಲಿಯಾಗಿತ್ತು.

ಹೊರಗೆ ಮೈನಸ್ ಮೂವತ್ತು ಡಿಗ್ರಿ. ಮಿನ್ನೆಸೋಟದ ಆ ಮೂಲೆಯಲ್ಲಿ ಜನವರಿ ಅಂದರೆ ಹಾಗೇ. ಕಟ್ಟಡವನ್ನು ಬೆಚ್ಚಗಿಡುವ ನೆಲಮಾಳಿಗೆಯ ಹಳೇ ಫರ್ನೇಸ್ ಬಿಸಿಗಾಳಿಯ ಜೊತೆ ಗುಂಯ್ ಅನ್ನುವ ಸದ್ದನ್ನೂ ಊದುತ್ತಿತ್ತು. ಆ ಸದ್ದು ತೆಗೆದು ಮನುಷ್ಯರ ದನಿಯನ್ನಷ್ಟೇ ಉಳಿಸುವುದು ಪ್ಲಗಿನ್ನಿನ ಕೆಲಸ. ಬೇರೆ ಭಾನುವಾರವಾದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಪಾದ್ರಿಯ ಗಂಟಲು ಫರ್ನೇಸಿಗೆ ಹೆದರುವಂಥದ್ದಲ್ಲ. ಇವತ್ತು ಹಾಡುವವಳು ಲೆಂಪಿ ಹರ್ಯು. ಗಂಟಲಿನ ಆಪರೇಷನ್ ಆದಮೇಲೆ ಇದೇ ಮೊದಲು. ಪಿಸುಮಾತಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ ಅವಳ ದನಿ. ಕೇಳಬೇಕಾದವಳು ಅವಳಕ್ಕ ಐಲಿ. ಡುಲೂತ್‌ನ ಆರೈಕೆಮನೆಯಲ್ಲಿ ಕಿವಿಯ ಪಕ್ಕ ಟ್ಯಾಬ್ಲೆಟ್ ಇಟ್ಟುಕೊಂಡು ಮಲಗಿದ್ದಾಳೆ. ಮುಂದಿನ ಭಾನುವಾರ ಆಕೆಗೆ ಸಿಗುವುದಿಲ್ಲವೆಂದು ದಾದಿ ಮೊನ್ನೆಯೇ ಹೇಳಿದ್ದಳು.

ಇದಕ್ಕೆಂದೇ ಆರ್ಲಿಸ್ ನಿನ್ನೆ ಪ್ಲಗಿನ್ನಿನ ಹೊಸ ಆವೃತ್ತಿ ಹಾಕಿದ್ದಳು. ಮನೆಯಲ್ಲಿ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಕೇಳಿ ಹಿರಿಹಿರಿ ಹಿಗ್ಗಿದ್ದಳು. ನೇರಪ್ರಸಾರದ ತಂತ್ರಾಂಶವನ್ನು ಮಾತ್ರ ತೆರೆದು ನೋಡಲಿಲ್ಲ. ಅದಕ್ಕೆ ಗೊತ್ತಿರುವುದು ಹಳೇ ಅಚ್ಚಿನ ಪ್ಲಗಿನ್ ಒಂದೇ. ಹೊಸ ಆವೃತ್ತಿ ಬರುವುದು ಹೊಸ ಅಚ್ಚಿನಲ್ಲಿ; ಬಂದದ್ದೇ ಹಳೆಯದನ್ನು ಹೇಳದೆ ಕೇಳದೆ ಅಳಿಸಿಹಾಕಿತ್ತು. ಅದನ್ನು ಹುಡುಕಿ ಮತ್ತೆ ಹಾಕುವಷ್ಟು ಹೊತ್ತಿರಲಿಲ್ಲ. ‘ಶನಿವಾರ ಯಾರೂ ಏನನ್ನೂ ಬದಲಾಯಿಸಕೂಡದು’ ಎಂದು ಲ್ಯಾಪ್‌ಟಾಪಿಗೆ ಚೀಟಿ ಅಂಟಿಸಿದ್ದವಳು ಅವಳೇ. ಆ ಚೀಟಿ ತೋರಿಸಿ ಎಷ್ಟು ಜನರ ಮಾನ ಕಳೆದಿದ್ದಳೋ!

ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸದ್ದು ಸೋಸಿ, ಅಲ್ಲಿಂದ ಪ್ರಸಾರಕ್ಕೆ ಹಾಯಿಸಲು ನೋಡಿದಳು. ಎರಡನ್ನೂ ಒಟ್ಟಿಗೆ ಹೊರಲಾರದೆ ಲ್ಯಾಪ್‌ಟಾಪ್ ಮುಗ್ಗರಿಸಿತು, ಚಿತ್ರ ನಿಂತೇಹೋಯಿತು; ಆ ದಾರಿ ಕೈಬಿಟ್ಟಳು. ಉಳಿದದ್ದು ಐದು ನಿಮಿಷ.

ಆರ್ಲಿಸ್ ಎದ್ದು ಆರಿನ್ ಟ್ವೆಯ್ಟ್ ಹತ್ತಿರ ಹೋದಳು. ಕಟ್ಟಡದ ಉಸ್ತುವಾರಿ ಅವನದು.

"ಆರಿನ್, ಫರ್ನೇಸ್ ಆಫ್ ಮಾಡು."

"ತಲೆ ಕೆಟ್ಟಿದ್ಯೇನೇ? ಕೆಳಗಿರೋ ಆ ಮುದುಕಪ್ಪ ಫರ್ನೇಸ್ ಒಂದ್ಸಲ ಮಲಗಿದ್ರೆ ಏಳ್ತಾನೋ ಇಲ್ವೋ! ನೀರು ಹೆಪ್ಪುಗಟ್ಟಿ ಪೈಪ್ ಒಡೆದ್ರೆ ನಿಮ್ಮಪ್ಪ ಬರ್ತಾನಾ ರಿಪೇರಿಗೆ?"

"ಲೆಂಪಿ ಹಾಡು ಐಲಿಗೆ ಕೇಳಲ್ಲ ಕಣೋ."

"ಅದಕ್ಕೇ ಅಲ್ವಾ ನಿನ್ನ ಯಂತ್ರ ಮಂತ್ರ ಎಲ್ಲ ಇರೋದು?"

ಆರ್ಲಿಸ್ ಸುಮ್ಮನೆ ಯಾವುದೋ ವೈರಿನ ಮೇಲೆ ತಪ್ಪು ಹೊರಿಸಬಹುದಿತ್ತು. "ನಾನೇ ಹಾಳ್ಮಾಡಿದೆ. ನಿನ್ನೆ," ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಆರಿನ್ ಅವಳನ್ನೇ ನೋಡಿದ. "ಶನಿವಾರಾ?" ಅಂದ. ಆಮೇಲೆ ನೆಲಮಾಳಿಗೆಯ ಮೆಟ್ಟಿಲಿಳಿದ.

ಗುಂಯ್‌ಗುಡುವುದು ನಿಂತಿತು. ಪಾದ್ರಿ ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳಿ ಹಾಡನ್ನೇ ಮೊದಲಿಗಿಟ್ಟ. ಹಿಂದಿನ ಬೆಂಚುಗಳನ್ನು ಪ್ರಾಣ ಹೋದರೂ ಬಿಡದ ಜನ ಚಳಿಗೆ ಕೋಟು ಹೊದ್ದು ಮುಂದೆ ಬಂದು ಒತ್ತಿಕೊಂಡು ಕೂತರು.

ಲೆಂಪಿ ಮನೆಮಾತಾದ ಫಿನ್ನಿಶ್‌ನಲ್ಲಿ ಹಾಡಿದಳು. ದನಿ ಎರಡು ಕಡೆ ಒಡೆಯಿತು. ಹೆಡ್‌ಫೋನ್ ಒತ್ತಿಹಿಡಿದಿದ್ದ ಆರ್ಲಿಸ್‌ಗೆ ಅವಳು ಉಸಿರೆಳೆಯುವುದೂ ಕೇಳಿಸಿತು. ಆದರೆ ಡುಲೂತ್‌ನಲ್ಲಿ? ಹಾಡು ಮುಗಿದರೂ ಪರದೆಯ ಮೇಲೆ ಏನೂ ಬರಲಿಲ್ಲ. ದೇವರೇ, ತಡಮಾಡಿಬಿಟ್ಟೆವಾ ಅಂದುಕೊಂಡಳು.

ಕೊನೆಗೂ ದಾದಿಯ ಸಂದೇಶ ಮೂಡಿತು: ‘ಐಲಿ ಕಣ್ಣು ಬಿಟ್ಟಿದ್ದಾರೆ. ಎರಡನೇ ಚರಣ ನುಂಗಿಬಿಟ್ಟಳು, ಚಿಕ್ಕಂದಿನಿಂದ ಇದೇ ಕಳ್ಳಾಟ ಅಂತ ಬೈತಿದ್ದಾರೆ.’

ಆರ್ಲಿಸ್ ಲ್ಯಾಪ್‌ಟಾಪ್ ಬಿಟ್ಟು ಓಡಿಹೋಗಿ ಲೆಂಪಿಗೆ ಅದನ್ನು ಹೇಳಿದಳು. ಲೆಂಪಿ ಕೇಳಿಸಿಕೊಂಡು ಕಣ್ಣೊರೆಸಿದಳು. "ಉಸಿರು ಸಾಲ್ದೆ ಬಿಟ್ರೆ ಕಳ್ಳಾಟ ಅಂತೆ! ಮಲಗಿದ ಕಡೆಯಿಂದ್ಲೂ ದರ್ಬಾರು ನೋಡು ಇವಳ್ದು." ಮತ್ತೆ ಮೈಕಿನ ಮುಂದೆ ಹೋಗಿ ನಿಂತಳು.

ಮೆಟ್ಟಿಲ ತುದಿಯಲ್ಲಿ ಆರಿನ್ ಕೈ ಉಜ್ಜುತ್ತ ಕಾಯುತ್ತಿದ್ದ. "ಹಚ್ಲಾ?" ಅಂದ.

"ತಾಳು," ಅಂದಳು ಆರ್ಲಿಸ್, "ಇನ್ನೊಂದು ಚರಣ ಇದೆ."